ತವರಲ್ಲಿ ಓದಿದ ಒಂದು ವರ್ಷ

ಮದುವೆಯಾಗಿ ಬಂದ ಹುಡುಗಿಯ ಓದು ಅರ್ಧಕ್ಕೆ ನಿಂತಿತು ಅಂದರೆ ನಮ್ಮ ಕಡೆ ಯಾರೂ ಹೌಹಾರುವುದಿಲ್ಲ. "ಆಗೂದ ಹಂಗ, ಬಿಡವಾ" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ನವಲಗುಂದದ ಗೌಸಬಿಯೂ ಹಾಗೇ ಅಂದುಬಿಟ್ಟಿದ್ದಳು. ಆಕೆ ಕೆಟ್ಟ ಅತ್ತೆಯಲ್ಲ ಮತ್ತೆ! ಸೊಸೆ ಖುಷ್ಬೂ ಉಣ್ಣದೆ ತಾನು ಉಂಡವಳಲ್ಲ. ಆದರೆ ತಲೆಯಲ್ಲಿ ಒಂದು ಮಾತು ಕೂತಿತೋ, ಎತ್ತು ಕಟ್ಟಿ ಎಳೆದರೂ ಹೊರಗೆ ಬರುತ್ತಿರಲಿಲ್ಲ.

ಗೌಸಬಿ ಜಮಖಾನೆ ನೇಯುವವಳು. ಅಲ್ಲಿಯ ನೇಕಾರ ಮನೆತನಗಳಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು: ಮಗ್ಗದ ವಿದ್ಯೆಯನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ವಿದ್ಯೆಯೂ ಅವಳ ಬೆನ್ನು ಹತ್ತಿ ಹೋದೀತು ಎಂಬ ಅಂಜಿಕೆ. ಗೌಸಬಿಯ ತಾಯಿ ಒಳ್ಳೇ ಹೆಸರಾದ ನೇಕಾರ್ತಿ. ಆದರೂ ಗೌಸಬಿ ತವರಲ್ಲಿ ಮಗ್ಗ ಮುಟ್ಟಿದವಳಲ್ಲ. ಕಲಿತದ್ದೆಲ್ಲ ಗಂಡನ ಮನೆಗೆ ಬಂದ ಮೇಲೆ, ಅತ್ತೆಯ ಬಾಜೂಕ್ಕೆ ಕೂತು. ಹೀಗಾಗಿ ತವರಿನದು ತವರಿಗೆ, ಇಲ್ಲಿಯದು ಇಲ್ಲಿಗೆ ಎಂಬುದು ಅವಳ ಪಾಲಿಗೆ ಶಿಲಾಶಾಸನ.

ಖುಷ್ಬೂ ಮುದ್ದೇಬಿಹಾಳದ ಹುಡುಗಿ. ಬಿ.ಕಾಂ. ಮೊದಲ ವರ್ಷ ಪಾಸಾದ ಮೇಲೆ ಮದುವೆಯಾಗಿ ಬಂದಳು. ಅವಳ ತವರಲ್ಲಿ ಡಿಗ್ರಿ ಕಾಲೇಜಿನ ಹೊಸ್ತಿಲು ತುಳಿದವಳು ಅವಳೊಬ್ಬಳೇ. ಓದು ಮುಗಿಸಬೇಕು ಎಂಬ ಆಸೆ ಬೆಟ್ಟದಷ್ಟು. ಗಂಡನೂ "ಓದ್ಲಿ, ನಂದೇನೂ ತಕರಾರಿಲ್ಲ" ಅಂದಿದ್ದ. ತೊಡಕು ಒಂದೇ: ಅಲ್ಲಿಯ ಕಾಲೇಜು ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಇಲ್ಲಿಯದು ಇನ್ನೊಂದಕ್ಕೆ.

ಅಷ್ಟರಲ್ಲಿ ಗೌಸಬಿಯ ಮೈದುನ ಮಶಾಕಸಾಬ ಬಂದ. ಕಾಲೇಜಿನ ಮೆಟ್ಟಿಲು ಹತ್ತದ ಈ ಮಹಾಶಯ, ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡೇ ಕಾಲೇಜಿನ ಕಾಯ್ದೆ ಹೇಳಿದ.

"ಯೂನಿವರ್ಸಿಟಿ ಬ್ಯಾರೆ ಆತಂದ್ರ ಹಿಂದಿಂದೆಲ್ಲಾ ನೀರಾಗ ಹೋಮ ಮಾಡಿದಂಗ, ಭಾಬಿ. ಮತ್ತ ಒಂದನೇ ವರ್ಷದಿಂದ ಕುಂಡ್ರಬೇಕು."

"ಯಾರ ಹೇಳಿದ್ರು ನಿನಗ?"

"ಹೇಳೂದೇನು, ಎಲ್ಲಾರಿಗೂ ಗೊತ್ತಿದ್ದದ್ದ ಅದು!"

ಗೌಸಬಿಗೆ ಅಷ್ಟೇ ಸಾಕಾಯಿತು. ತನಗೆ ಮೊದಲೇ ಅನ್ನಿಸಿದ್ದನ್ನೇ ಇನ್ನೊಬ್ಬರು ಹೇಳಿದರೆ ಎಷ್ಟು ಹಿತ ನೋಡಿ.

"ಕೇಳಿದೇನು ಬೇಟಿ? ಪಾಸಾದದ್ದನ್ನ ಮತ್ತ ಓದೂದಂದ್ರ ನೇಯ್ದದ್ದನ್ನ ಬಿಚ್ಚಿ ಮತ್ತ ನೇಯ್ದಂಗ. ಆ ಉಸಾಬರಿ ಬ್ಯಾಡ. ಆರಾಮ ಮಗ್ಗದ ಮುಂದ ಕುಂದ್ರು."

ಖುಷ್ಬೂ "ಹ್ಞೂಂ ಅಮ್ಮೀ" ಅಂದಳು. ಆದರೆ ಅಂದಿನಿಂದ ಮನೆಯಲ್ಲಿ ಅವಳ ನಗು ಕೇಳಲಿಲ್ಲ. ಕರೆದರೆ ಬರುತ್ತಿದ್ದಳು, ಹೇಳಿದ್ದು ಮಾಡುತ್ತಿದ್ದಳು, ಅಷ್ಟೇ. ಅದು ಗೌಸಬಿಗೂ ತಿಳಿಯುತ್ತಿತ್ತು, ಒಳಗೊಳಗೇ ಚುರುಕ್ ಅನ್ನುತ್ತಿತ್ತು.

ಒಂದು ಮುಂಜಾನೆ ಮಹಾನಂದಾ ಬಂದಳು. ಊರಿನ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುವವಳು. ತಾನು ನೇಯಲು ಹೇಳಿದ್ದ ಜಮಖಾನೆ ಎಲ್ಲಿಗೆ ಬಂತು ಎಂದು ನೋಡಲು ಬಂದಿದ್ದಳು. ಅತ್ತೆ-ಸೊಸೆ ಇಬ್ಬರೂ ಮಗ್ಗದ ಮುಂದೆ ಕೂತು ನವಿಲಿನ ನಕ್ಷೆ ಎಬ್ಬಿಸುತ್ತಿದ್ದರು.

"ಅಗದಿ ಚಂದ ಬಂದೈತಿ ನೋಡ್ರಿ, ಚಾಚಿ!" ಎಂದಳು ಮಹಾನಂದಾ.

ಆಗ ತಡೆದುಕೊಳ್ಳಲಾರದೆ ಖುಷ್ಬೂ ಕೇಳಿಯೇಬಿಟ್ಟಳು: "ಮೇಡಂ, ಬಿ.ಕಾಂ. ಎರಡನೇ ವರ್ಷದ ಅಡ್ಮಿಷನ್ ಮುಗದಾವೇನ್ರಿ?"

"ಇನ್ನೂ ಇಲ್ಲ. ಈ ತಿಂಗಳ ಕಡೀತನಕ ಅದಾವು. ಯಾಕವಾ?"

ಗೌಸಬಿಯ ಕೈ ನಿಂತಿತು. ಸೊಸೆಯ ಕಣ್ಣು ತುಂಬಿದ್ದು ಕಂಡಿತು. ತಾನೇ ಎಲ್ಲ ಕಥೆ ಹೇಳಿ, ಕೊನೆಗೆ ಕೇಳಿದಳು:

"ನೀವ ಹೇಳ್ರಿ ಬಾಯಾರ, ಆ ಊರಾಗ ಕಲ್ತದ್ದನ್ನ ಈ ಊರವ್ರು ಯಾಕ ಒಪ್ತಾರ?"

ಮಹಾನಂದಾ ನಕ್ಕಳು. "ಚಾಚಿ, ಈಕಿ ಇಲ್ಲಿಗೆ ಬಂದಾಗ ಸೂಜಿ-ದಾರ ಹಿಡಿಯಾಕ ಬರ್ತಿತ್ತೇನು?"

"ಬರ್ತಿತ್ತಲ್ಲ! ತವರಾಗ ಕೌದಿ ಹೊಲೀತಿದ್ಲು. ಬಣ್ಣದ ಹೊಂದಿಕಿ ಅಗದಿ ಪಕ್ಕಾ ಗೊತ್ತಿತ್ತು."

"ಮತ್ತ ನೀವು ಬಣ್ಣದ ಹೊಂದಿಕಿ ಮೊದ್ಲಿಂದ ಕಲಿಸಿದ್ರೇನು?"

"ನನಗೇನು ಹುಚ್ಚು ಹಿಡದಿತ್ತೇನ್ರಿ! ಒಂದಿನ ಬಾಜೂಕ ಕುಂದ್ರಿಸಿ ಕೈ ನೋಡಿದೆ. ಗೊತ್ತಿದ್ದದ್ದು ಬಿಟ್ಟು, ಗೊತ್ತಿಲ್ಲದ್ದಷ್ಟ ಕಲಿಸಿದೆ."

"ಕಾಲೇಜಿನವ್ರೂ ಅದನ್ನ ಮಾಡ್ತಾರ್ರಿ, ಚಾಚಿ."

ಗೌಸಬಿ ಕೈಯಲ್ಲಿದ್ದ ನೂಲು ಬಿಟ್ಟು ಮಹಾನಂದಾಳ ಕಡೆ ಹೊರಳಿ ಕೂತಳು.

ಮಹಾನಂದಾ ಕೂತು ಬಿಡಿಸಿ ಹೇಳಿದಳು. ಪಾಸಾದ ಪ್ರತಿ ವಿಷಯಕ್ಕೂ ಇಷ್ಟಿಷ್ಟು ಎಂದು ಕ್ರೆಡಿಟ್‌ಗಳಿರುತ್ತವೆ. ಕ್ರೆಡಿಟ್ ಅಂದರೆ ಎಷ್ಟು ಓದಿದ್ದೀರಿ ಎಂಬುದರ ಅಳತೆ. ವಿದ್ಯಾರ್ಥಿ ಫೋನಿನ ಡಿಜಿಲಾಕರ್ ಆ್ಯಪಿನಲ್ಲಿ ಅಪಾರ್ ಐಡಿ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಂಡರೆ, ಅವಳ ಹೆಸರಿನಲ್ಲಿ ಕ್ರೆಡಿಟ್‌ಗಳ ಖಾತೆ ತೆರೆಯುತ್ತದೆ. ಅದರಲ್ಲಿ ಕ್ರೆಡಿಟ್ ತುಂಬಿಸುವುದು ವಿಶ್ವವಿದ್ಯಾಲಯವೇ.

"ಹಂಗಂದ್ರ ಅಲ್ಲಿ ಓದಿದ್ದೆಲ್ಲಾ ಇಲ್ಲಿ ನಡೀತೈತಿ?" ಗೌಸಬಿಗೆ ಈಗ ಅವಸರ.

"ಎಲ್ಲಾ ನಡೀತೈತಿ ಅಂತ ನಾ ಹೇಳಾಂಗಿಲ್ಲ. ಇಲ್ಲಿ ಸೀಟು ಇರಬೇಕು. ಎರಡೂ ಕಡೆ ಪಾಠ ಹೋಲಿಸಿ ನೋಡ್ತಾರ, ಹೊಂದಿದಷ್ಟು ಒಪ್ಕೊಂತಾರ. ಹೊಂದಲಾರದ್ದನ್ನ ಈಕಿ ಓದಿ ಬರೀಬೇಕು. ಇನ್ನೊಂದು, ಪದವಿ ಕೊಡೂ ಯೂನಿವರ್ಸಿಟಿಯೊಳಗ ಕಮ್ಮೀತ ಕಮ್ಮಿ ಅರ್ಧ ಓದಾದ್ರೂ ಆಗಬೇಕು. ಈಕಿ ಒಂದ ವರ್ಷ ಮುಗಿಸ್ಯಾಳ, ಹಂಗಾಗಿ ಅದರ ಚಿಂತಿಲ್ಲ."

ಖುಷ್ಬೂ ಫೋನು ತಂದಳು. ಹಳೆಯ ಕಾಲೇಜಿನಲ್ಲಿದ್ದಾಗಲೇ ಐಡಿ ಮಾಡಿಸಿದ್ದರು, ಅದು ಯಾತಕ್ಕೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ತೆರೆದು ನೋಡಿದರೆ ಅವಳ ಮೊದಲ ವರ್ಷ ಅಲ್ಲೇ ಇತ್ತು, ಒಂದು ವಿಷಯವೂ ಬಿಡದೆ.

"ಅಮ್ಮೀ, ಎಲ್ಲಾ ಅದಾವ್ರಿ!" ಎಂದು ಹುಡುಗಿ ಅತ್ತೇಬಿಟ್ಟಳು.

"ಹುಚ್ಚಿ, ಇದ್ರ ಅಳ್ತಾರೇನು?" ಎಂದ ಗೌಸಬಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದೆ ತಡಮಾಡಲಿಲ್ಲ. ವರ್ಗಾವಣೆ ಪತ್ರ, ವಿಶ್ವವಿದ್ಯಾಲಯ ಬದಲಿಸಲು ಬೇಕಾದ ಮೈಗ್ರೇಷನ್ ಪತ್ರ, ಓದಿದ ಪಠ್ಯಕ್ರಮ ಇವಿಷ್ಟನ್ನು ಹಳೆಯ ಕಡೆಯಿಂದ ತರಬೇಕಿತ್ತು. "ನಾನೂ ಬರ್ತೇನಿ, ಬಸ್ಸಿಗೆ ಹೋಗೂಣು ನಡಿ" ಎಂದು ಗೌಸಬಿ ತಾನೇ ಬುತ್ತಿ ಕಟ್ಟಿಕೊಂಡು ಹೊರಟಳು. ಮಗ್ಗ ಬಿಟ್ಟು ಬೀಗರ ಊರಿಗೆ ಹೊರಟ ಅತ್ತೆಯನ್ನು ಕಂಡು ಓಣಿಯೇ ಬೆರಗಾಯಿತು. ಮುದ್ದೇಬಿಹಾಳದ ಕಾಲೇಜಿನಲ್ಲಿ ಪತ್ರಗಳು ಕೈಗೆ ಬರುವ ತನಕ ಅವಳು ಬೆಂಚು ಬಿಟ್ಟು ಏಳಲಿಲ್ಲ.

ಇಲ್ಲಿಯ ಕಾಲೇಜಿಗೆ ಅರ್ಜಿ ಕೊಟ್ಟ ಮೇಲೆ ಉತ್ತರ ಬರುವವರೆಗೂ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೂ ಉತ್ತರ ಬಂತು. ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಒಪ್ಪಿದ್ದರು. ಆ ಒಂದನ್ನು ಎರಡನೇ ವರ್ಷದ ಜೊತೆಗೇ ಓದಿ ಬರೆಯಬೇಕಿತ್ತು.

"ಅದೊಂದ ಯಾಕ ಬಿಟ್ರಂತ?" ಗೌಸಬಿಗೆ ಸಿಟ್ಟೇ ಬಂತು.

"ಅದು ಇಲ್ಲಿ ಪಾಠಕ್ಕ ಹೊಂದಲಿಲ್ಲಂತ್ರಿ, ಅಮ್ಮೀ. ಒಂದ ಐತಲ್ಲ, ಬರೀತೇನಿ ತಗೋರಿ." ಎಷ್ಟೋ ದಿನಗಳ ಮೇಲೆ ಖುಷ್ಬೂ ಬಾಯಿ ತುಂಬ ನಕ್ಕಳು.

ಕಾಲೇಜು ಸುರುವಾದ ದಿನ ಎದುರು ಮನೆಯ ಮಲ್ಲಮ್ಮ ಕಟ್ಟೆಯ ಮೇಲಿಂದ ಕೇಳಿದಳು: "ಎಲ್ಲಿ ಹೊಂಟಾಳ್ಬೇ ನಿನ್ನ ಸೊಸಿ?"

"ಕಾಲೇಜಿಗೆ. ಎರಡನೇ ವರ್ಷಕ್ಕ!" ಆ 'ಎರಡನೇ' ಎಂಬುದು ಇಡೀ ಓಣಿಗೆ ಕೇಳುವ ಹಾಗಿತ್ತು.

"ಅಯ್ಯ, ನಮ್ಮ ಸೊಸೀನೂ ಒಂದ ವರ್ಷ ಓದಿ ಬಿಟ್ಟಾಳ. ಬ್ಯಾರೆ ಕಡೀದು ಇಲ್ಲಿ ನಡ್ಯಾಂಗಿಲ್ಲಂತ ಸುಮ್ಮನಾದ್ವಿ."

"ಯಾರ ಹೇಳಿದ್ರು ನಡ್ಯಾಂಗಿಲ್ಲಂತ?" ಗೌಸಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸೊಸಿ ಬಂದಾಗ ಭಾಂಡೆ-ಪಾತ್ರೆ ಎಷ್ಟು ತಂದ್ಲು ಅಂತ ಒಂದೊಂದ ಎತ್ತಿ ನೋಡಿದಿ. ಓದು ಎಷ್ಟು ತಂದ್ಲು ಅಂತ ಕೇಳಿದೇನು?"

ಮಲ್ಲಮ್ಮ ಬಾಗಿಲ ಕಡೆ ಹೊರಳಿ ಸೊಸೆಯನ್ನು ಕೂಗಿದಳು: "ಯವ್ವಾ, ನಿನ್ನ ಫೋನ್ ತಗೊಂಡು ಇಲ್ಲಿ ಬಾ!"

ಅಕ್ಕಗಳಿರಾ, ಅಣ್ಣಗಳಿರಾ, ಮದುವೆಯಿಂದಲೋ, ಊರು ಬಿಟ್ಟದ್ದರಿಂದಲೋ ಡಿಗ್ರಿ ಅರ್ಧಕ್ಕೆ ಬಿಟ್ಟವರು ನಿಮ್ಮ ಮನೆಯಲ್ಲಿದ್ದಾರೆಯೇ? ಅವರಿವರ ಮಾತು ನಂಬಿ ಓದು ಬಿಡಿಸಬೇಡಿ. ಅಪಾರ್ ಐಡಿ ಇದೆಯೋ ನೋಡಿ, ಇಲ್ಲದಿದ್ದರೆ ಮಾಡಿಸಿ. ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಇರಲಿ. ಕ್ರೆಡಿಟ್ ಬಂದಿಲ್ಲವಾದರೆ ಹಳೆಯ ಕಾಲೇಜಿಗೆ ಹೋಗಿ ಕೇಳಿ. ಸೇರಬೇಕೆಂದಿರುವ ಕಾಲೇಜಿನಲ್ಲಿ ಏನೇನು ಒಪ್ಪುತ್ತಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ಹಳೆಯ ಕಡೆಯಿಂದ ಹೆಸರು ತೆಗೆಸಿ. ಗಳಿಸಿದ ಕ್ರೆಡಿಟ್‌ಗೂ ಅವಧಿ ಉಂಟು, ಹೆಚ್ಚೆಂದರೆ ಏಳು ವರ್ಷ. ಅದಕ್ಕೇ ನಾಳೆ ನೋಡಿದರಾಯಿತು ಅನ್ನಬೇಡಿ. ಕಷ್ಟಪಟ್ಟು ಓದಿದ ಹುಡುಗಿ ನಿಮ್ಮ ಮನೆಯಲ್ಲೇ ಇದ್ದಾಳೆ. ಇವತ್ತು ಸಂಜೆ ಬಾಜೂಕ್ಕೆ ಕೂರಿಸಿಕೊಂಡು ಕೇಳಿ: "ಎಲ್ಲೀತನಕ ಓದೀಯವಾ? ಮುಂದ ಓದ್ತೀಯೇನು?"