ಇಕ್ಕಳನ ಕೈ

"ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳು ಈ ಕಡೆ." ಆಸ್ಪತ್ರೆಯಲ್ಲಿ ಮಸಾಜ್ ಮಾಡುವ ಹುಡುಗಿ ಇಕ್ಕಳನ ಹೆಂಡತಿಯ ಮೀನಖಂಡದ ಮೇಲಿನ ನೀಲಿ ಗುರುತುಗಳನ್ನು ಎಣಿಸಿ ತಲೆಯೆತ್ತಿದಳು. "ಯಾರು ಒತ್ತಿದ್ದು?"

ಹೆಂಡತಿ ಗಂಡನ ಕಡೆ ನೋಡಲಿಲ್ಲ. "ಮಂಚದ ಕಾಲು ತಗುಲ್ತು."

"ಮಂಚಕ್ಕೆ ಐದು ಬೆರಳಿರುತ್ತಾ ಆಂಟಿ?"

ತನಗಾಗಿ ಸುಳ್ಳು ಹೇಳಿದವಳ ಎದುರು ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುವುದು ಅವನಿಂದಾಗಲಿಲ್ಲ. "ನಾನೇ," ಎಂದ.

ಮೂವತ್ತು ವರ್ಷದಿಂದ ಅವನು ಒಂದು ಫುಟ್‌ಬಾಲ್ ತಂಡದ ಮಾಲೀಶಿನವನು. ಆಟಗಾರರು ಇಟ್ಟ ಹೆಸರು ಇಕ್ಕಳ. ಅವನ ಕೈಗೆ ಸಿಕ್ಕವರು ಮೊದಲು ಹೆತ್ತ ತಾಯಿಯನ್ನು ಕೂಗುತ್ತಿದ್ದರು, ಆಮೇಲೆ ಎದ್ದು ಓಡುತ್ತಿದ್ದರು. ಅರ್ಧ ಆಟ ಮುಗಿದ ಮೇಲೆ ಹದಿನೈದು ನಿಮಿಷ ಬಿಡುವು. ಆ ಹದಿನೈದು ನಿಮಿಷ ಅವನದೇ ರಾಜ್ಯಭಾರ. ಇನ್ನು ಕೈಲಾಗಲ್ಲ ಎಂದು ಬೆಂಚಿನ ಮೇಲೆ ಬಿದ್ದವನ ತೊಡೆಯನ್ನು ಹಿಡಿದು ಹಿಂಡಿ, ಬೆನ್ನಿಗೊಂದು ಗುದ್ದಿ, ಮತ್ತೆ ಮೈದಾನಕ್ಕೆ ಅಟ್ಟುವುದೇ ಕೆಲಸ. ಒಬ್ಬನನ್ನೂ ಬೆಂಚಿನ ಮೇಲೆ ಬಿಟ್ಟವನಲ್ಲ ಎಂದು ಅವನಿಗೆ ಕೊಂಚ ಜಂಬವೂ ಇತ್ತು.

ಹೆಂಡತಿಗೆ ಆರು ಸುತ್ತಿನ ಔಷಧಿಯಲ್ಲಿ ನಾಲ್ಕು ಮುಗಿದಿತ್ತು. ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಡಾಕ್ಟರು ಮುಚ್ಚುಮರೆ ಮಾಡಿರಲಿಲ್ಲ: ಇನ್ನೆರಡು ತೆಗೆದುಕೊಂಡರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು, ಸಾಕು ಅನ್ನಿಸಿದರೆ ನಿಲ್ಲಿಸೋಣ. ದಿನಕ್ಕೆ ಎಂಟು ರವಿಕೆ ಹೊಲಿಯುತ್ತಿದ್ದವಳು ಈಗ ನೀರಿನ ಲೋಟವನ್ನು ಬಾಯಿಗೆ ಎತ್ತುವಾಗ ಅರ್ಧದಾರಿಯಲ್ಲಿ ಕೈಗೆ ವಿಶ್ರಾಂತಿ ಕೊಡುತ್ತಿದ್ದಳು. ಮಲಗಿದರೂ ಆಯಾಸ, ಎದ್ದರೂ ಆಯಾಸ. "ಮೈ ತುಂಬ ಯಾರೋ ಒದ್ದೆ ಬಟ್ಟೆ ತುರುಕಿದ ಹಾಗಿದೆ ರೀ. ಇನ್ನು ಸಾಕು ಅನ್ನಿಸುತ್ತೆ," ಎಂದು ಭಾನುವಾರ ಸಂಜೆ ಅಂದಿದ್ದಳು. ಅವನು ಎಣ್ಣೆ ಬಾಟಲಿ ತಂದು, ತನಗೆ ಗೊತ್ತಿದ್ದ ಹಾಗೆ ಅವಳ ಕಾಲು ತಿಕ್ಕಿದ್ದ. ಅವಳು ಹಲ್ಲು ಕಚ್ಚಿಕೊಂಡಿದ್ದನ್ನು ನೋಡಿ ನರ ಸಡಿಲವಾಗುತ್ತಿದೆ ಎಂದುಕೊಂಡಿದ್ದ.

"ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಇದೆ ಅಂಕಲ್. ಈಗ ಗಟ್ಟಿಯಾಗಿ ಒತ್ತಲೇಬಾರದು," ಎಂದಳು ಹುಡುಗಿ. "ಕಣ್ಣು ಮುಚ್ಚಿ. ರೆಪ್ಪೆ ಮೇಲೆ ಬೆರಳಿಡಿ. ಅಷ್ಟೇ ಭಾರ ಸಾಕು."

"ಇದು ಮಾಲೀಶಾ? ಧೂಳು ಒರೆಸಿದ ಹಾಗಾಯ್ತು."

ಹುಡುಗಿ ಜಗಳಕ್ಕೆ ಹೋಗಲಿಲ್ಲ. ಅಂಗೈಯಲ್ಲಿ ಲೋಶನ್ ಬೆಚ್ಚಗೆ ಮಾಡಿಕೊಂಡು ಅವನ ಹೆಂಡತಿಯ ಎರಡೂ ಪಾದ ಹಿಡಿದು, ಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬೆರಳಿಗೆ, ಸುಮ್ಮನೆ ಸವರಿದಳು. ಹತ್ತು ನಿಮಿಷವೂ ಆಗಿರಲಿಲ್ಲ, ಹೆಂಡತಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮೂರು ದಿನದಿಂದ ಬಾರದ ನಿದ್ದೆ. ಇಕ್ಕಳನಿಗೆ ಸಂತೋಷವಾಗಬೇಕಿತ್ತು, ಹೊಟ್ಟೆಕಿಚ್ಚಾಯಿತು.

ಐದನೆಯ ಸುತ್ತನ್ನು ಡಾಕ್ಟರು ಒಂದು ವಾರ ಮುಂದೂಡಿದರು. ಔಷಧಿಯಿಂದಲೇ ಪ್ಲೇಟ್‌ಲೆಟ್ ಇಳಿದಿದೆ ಎಂದು ಅವರು ಎಷ್ಟು ಹೇಳಿದರೂ, ತನ್ನ ಕೈಯಿಂದಲೇ ಆಯಿತು ಎಂದು ಅವನು ನಂಬಿದ. ಆ ವಾರವೆಲ್ಲ ಅವನು ಹೆಂಡತಿಯನ್ನು ಮುಟ್ಟಲಿಲ್ಲ. ಮಾತ್ರೆಯನ್ನೂ ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದ.

ಐದನೆಯ ಸುತ್ತಿಗೆಂದು ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಅವಳು ಸೀರೆಯುಟ್ಟು ಮಂಚದ ಮೇಲೆ ಕೂತಿದ್ದಳು. ಅಷ್ಟಕ್ಕೇ ಏದುಸಿರು.

"ನನ್ನ ಯಾಕೆ ಮುಟ್ಟಲ್ಲ ನೀವು?"

"ಮುಟ್ಟಿದ್ದು ಸಾಲದಾ? ಕಾಲು ನೋಡ್ಕೋ."

"ಕಾಲಿಗೇನಾಯ್ತು ಬಿಡಿ. ಆ ಹುಡುಗಿ ಕೈ ಇಟ್ರೆ ನಿದ್ದೆ ಬರುತ್ತೆ. ನೀವು ಕೈ ಇಟ್ರೆ ಎದ್ದು ಓಡಬೇಕೇನೋ ಅನ್ಸುತ್ತೆ." ಉಸಿರು ತೆಗೆದುಕೊಂಡಳು. "ನನಗೆ ಓಡೋಕಾಗಲ್ಲ ರೀ."

"ಎರಡೇ ಕಣೇ ಉಳಿದಿರೋದು."

"ನಿಮ್ಮ ಹುಡುಗರಿಗೂ ಹೀಗೇ ಹೇಳ್ತೀರಾ?"

"ಹೂಂ."

"ಅವರೇನಂತಾರೆ?"

"ಅವಕ್ಕೆ ಇಪ್ಪತ್ತು ವರ್ಷ. ನನ್ನ ಬೈಕೊಂಡು ಹೋಗ್ತವೆ."

ಅವಳು ನಕ್ಕಳು. ನಕ್ಕ ಆಯಾಸ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ನನಗೆ ಬೈಯೋಕೂ ಶಕ್ತಿ ಇಲ್ಲ. ಎರಡೂ ಬೇಡ. ಡಾಕ್ಟ್ರಿಗೆ ನೀವೇ ಹೇಳಿ."

ಅವನ ಬಾಯಿ ತುಂಬ ಮಾತಿತ್ತು. ಇವತ್ತೊಂದು ದಿನ, ಇದೊಂದು ಸಲ, ಸ್ವಲ್ಪ ಗಟ್ಟಿ ಮನಸ್ಸು ಮಾಡು. ಮೂವತ್ತು ವರ್ಷ ಆಡಿದ ಮಾತೇ. ಒಪ್ಪಿಕೊಂಡರೆ ಇವಳು ಹೋಗಿಬಿಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಒಪ್ಪದಿದ್ದರೂ ಹೋಗುತ್ತಾಳೆ, ಏದುಸಿರು ಬಿಡುತ್ತ, ಅವನಿಗೋಸ್ಕರ ಓಡುತ್ತ.

"ಮಲಕ್ಕೋ," ಎಂದ.

ಆ ಹುಡುಗಿ ಕೊಟ್ಟು ಕಳಿಸಿದ್ದ ಲೋಶನ್ನನ್ನು ಅಂಗೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿ ಬೆಚ್ಚಗೆ ಮಾಡಿಕೊಂಡ. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಬೆರಳಿಟ್ಟು ಭಾರ ನೋಡಿಕೊಂಡ. ಕಣ್ಣಿಗೆ ಲೋಶನ್ ಹೋಗಿ ಉರಿಯಿತು. ನೀರು ಬಂದದ್ದಕ್ಕೆ ಒಂದು ನೆಪವಾಯಿತು. ಆಮೇಲೆ ಅವಳ ಪಾದ ಹಿಡಿದ. ತಣ್ಣಗಿತ್ತು. ಅವನ ಹೆಬ್ಬೆರಳು ಹಳೆಯ ಚಾಳಿಯಂತೆ ಗಂಟು ಹುಡುಕಿಕೊಂಡು ಹೊರಟಿತು, ತಡೆದ. ಮತ್ತೆ ಹೊರಟಿತು; ಮತ್ತೆ ತಡೆದ. ಕೊನೆಗೆ ಕೈ ಸುಮ್ಮನಾಯಿತು. ಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬೆರಳಿಗೆ.

"ಹಾಂ," ಎಂದಳು ಅವಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕುತ್ತಿಗೆ ಒಂದು ಕಡೆ ವಾಲಿತು.

ಹೊರಗೆ ಬಾಡಿಗೆ ಕಾರು ಬಂದು ನಿಂತಿತು. ಡ್ರೈವರ್ ಒಂದು ಸಲ ಹಾರ್ನ್ ಮಾಡಿದ. ಅವಳ ರೆಪ್ಪೆ ಅದುರಿತು, ಆದರೆ ಅವಳು ಏಳಲಿಲ್ಲ. ಡ್ರೈವರ್ ಇಳಿದು ಗೇಟಿನ ಹತ್ತಿರ ಬಂದು ತೆರೆದ ಕಿಟಕಿಯೊಳಗೆ ಇಣುಕಿದ.

ಇಕ್ಕಳ ಒಂದು ಕೈಯನ್ನು ಅವಳ ಪಾದದ ಮೇಲೇ ಬಿಟ್ಟು, ಇನ್ನೊಂದನ್ನು ಎತ್ತಿ, ಹೋಗಪ್ಪಾ ಎಂದು ಸದ್ದಿಲ್ಲದೆ ಬೀಸಿದ.