ಒಂದೇ ತೋಳಿನ ಕೋಟು

ಊರಿಗೆಲ್ಲ ಬಟ್ಟೆ ಹೊಲಿಯುವವನ ಹೆಂಡತಿಗೆ ತೇಪೆಯೇ ಗತಿ ಎಂದು ವರ್ಷಗಟ್ಟಲೆ ನಗುನಗುತ್ತಲೇ ಚುಚ್ಚಿ, ಕೊನೆಗೂ ಅವಳು ಗಂಡನ ಕೈಯಿಂದ ತನಗೊಂದು ಚಳಿಕೋಟು ಹೊಲಿಸಿಕೊಳ್ಳತೊಡಗಿದ್ದಳು. ಎಡತೋಳು ಕೂರಿಸಿ ಬಲತೋಳಿಗೆ ಪಿನ್ನು ಚುಚ್ಚಬೇಕು ಅನ್ನುವಷ್ಟರಲ್ಲಿ ಟೈಲರನಿಗೆ ಪಾರ್ಶ್ವವಾಯು ಬಡಿಯಿತು.

ಜೀವ ಉಳಿಯಿತು. ಎಳೆದುಕೊಂಡಾದರೂ ಕಾಲು ನಡೆಯಿತು, ಮಾತು ತಡವರಿಸುತ್ತಾ ಮರಳಿತು. ಬಲಗೈ ಮಾತ್ರ ಯಾರೋ ಮರೆತುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅವಳು ಅವನನ್ನು ಹೂವಿನ ಹಾಗೆ ನೋಡಿಕೊಂಡಳು. ಅಂಗಿ ತೊಡಿಸಿ, ಗುಂಡಿ ಹಾಕಿ, ತಲೆ ಬಾಚಿ, ತುತ್ತು ಮಾಡಿ ಬಾಯಿಗಿಟ್ಟಳು. ಮುಚ್ಚಿದ ಅಂಗಡಿಯಲ್ಲಿ ಒಂದೇ ತೋಳಿನ ಕೋಟು ಮೊಳೆಗೆ ನೇತಾಡುತ್ತಲೇ ಇತ್ತು.

ಒಂದು ಸಂಜೆ ಗೋಡೆಯ ಕಡೆ ತಿರುಗಿ ಮಲಗಿದವನು, "ಮಿಷನ್ನು ಮಾರಿಬಿಡೇ" ಅಂದ.

"ನನ್ನ ಕೋಟು ಮುಗಿಸಿ ಆಮೇಲೆ ಮಾರಿ" ಅಂದಳು. ಹೋಗಿ ಪಾತ್ರೆಗಳನ್ನು ಜೋರಾಗಿಯೇ ತೊಳೆದಳು.

ಮರುದಿನದಿಂದ ಶುರುವಾಯಿತು ಅಲೆದಾಟ. ಮೂಳೆ ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಮೂಳೆ ಕಲ್ಲಿದ್ದ ಹಾಗಿದೆಯಮ್ಮ" ಅಂದರು. ನರದ ಡಾಕ್ಟರು, "ಮಾತ್ರೆ ಬಿಡಬೇಡಿ. ಅಪಾಯ ಎಲ್ಲ ದಾಟಿದೆ" ಅಂದರು.

"ಅಪಾಯ ದಾಟಿತು ಸರಿ ಸಾರ್. ಕೈ ಆ ಕಡೆ ದಡದಲ್ಲೇ ಉಳಿದುಬಿಟ್ಟಿತಲ್ಲ. ಅದನ್ನ ಕರೆತರೋರು ಯಾರು?"

ನರದ ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಹೌದಲ್ಲ. ಮೊದಲೇ ಹೇಳಬೇಕಿತ್ತು. ಅದಕ್ಕೇ ಅಂತ ಬೇರೆ ಡಾಕ್ಟರಿದ್ದಾರೆ. ಫಿಸಿಕಲ್ ಮೆಡಿಸಿನ್, ರಿಹ್ಯಾಬಿಲಿಟೇಷನ್ ಅಂತ. ಕಾಯಿಲೆ ಹೋದ ಮೇಲೆ ಮನುಷ್ಯನನ್ನ ಅವನ ಬದುಕಿಗೆ ವಾಪಸ್ ಕಳಿಸೋರು."

ಹೆಸರು ಉದ್ದವಿತ್ತು, ದಾರಿ ಅದಕ್ಕಿಂತ ಉದ್ದವಿತ್ತು. ದೊಡ್ಡಾಸ್ಪತ್ರೆಯ ಕಾವಲುಗಾರ ಮೇಲಿನ ಮಹಡಿಗೆ ಕಳಿಸಿದ, ಮೇಲಿನವರು ಹಿಂಭಾಗಕ್ಕೆ ಕಳಿಸಿದರು. "ಇದೇ... ವ್ಯಾಯಾಮ" ಎಂದು ಟೈಲರ ಏದುಸಿರು ಬಿಟ್ಟ. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಇಳಿಜಾರಿನ ದಾರಿ, ಅದರ ಕೊನೆಗೆ ಆ ವಿಭಾಗ. ಒಳಗೆ ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಗೋಡೆಯ ಹಲಗೆಯ ಮೇಲೆ ಕೈ ಪಳಗಿಸಲು ಚಿಲಕ, ನಲ್ಲಿ, ಜಿಪ್ಪು, ಗುಂಡಿ ಮತ್ತು ಅದು ತೂರುವ ಕಾಜ ಇರುವ ಒಂದು ಬಟ್ಟೆ.

ಡಾಕ್ಟರಮ್ಮ ಕುರ್ಚಿಯನ್ನು ಅವನೆದುರಿಗೇ ಎಳೆದುಕೊಂಡು ಕೂತರು. "ಈ ಕೈಯಿಂದ ನಿಮಗೆ ಏನು ಮಾಡಬೇಕು ಅಂತ ಆಸೆ?"

"ಅವರಿಗೆ ಮೊದಲಿನ ಹಾಗೆ..." ಎಂದು ಹೆಂಡತಿ ಬಾಯಿ ಹಾಕಿದಳು.

"ನೀವಲ್ಲಮ್ಮ. ಅವರು ಹೇಳಲಿ."

ಟೈಲರ ಹಲಗೆಯನ್ನೇ ನೋಡುತ್ತಿದ್ದ. ತುಟಿ ಅತ್ತಿತ್ತ ಹೊರಳಿತು. "ಆ ಕಾಜ... ಯಾರು ಹೊಲಿದದ್ದು? ಥೂ! ಇಲಿ ಕಡಿದ ಹಾಗಿದೆ."

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. "ನಾನೇ ರೀ!"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಆದರೆ ಅವನು ಅಷ್ಟು ಉದ್ದದ ಮಾತಾಡಿದ್ದು ಕಾಯಿಲೆಯಾದಮೇಲೆ ಇದೇ ಮೊದಲು. ಅವನು ಇನ್ನೂ ಮುಗಿಸಿರಲಿಲ್ಲ. "ಇವಳ ಕೋಟಿಗೆ... ತೋಳು ಕೂರಿಸಬೇಕು."

ಡಾಕ್ಟರಮ್ಮ ಬೆರಳು ಬೆರಳನ್ನೂ ಮಡಚಿ, ಬಿಡಿಸಿ, ಒತ್ತಿ ನೋಡಿದರು. ಹೆಬ್ಬೆರಳು ಕೊಂಚ ಅಲುಗಿತು. "ಮೊದಲಿನ ಕೈಯೇ ಬರುತ್ತೆ ಅಂತ ನಾನು ಸುಳ್ಳು ಹೇಳೋಲ್ಲ. ಆದರೆ ಇದರಲ್ಲಿ ಇನ್ನೂ ಜೀವ ಇದೆ. ದಿನಾ ಇದಕ್ಕೆ ಕೆಲಸ ಕೊಡಬೇಕು ಅಷ್ಟೆ. ಮನೇಲಿ ಅಂಗಿ ಗುಂಡಿ ಯಾರು ಹಾಕ್ತಾರೆ?"

"ನಾನೇ" ಅಂದಳು ಹೆಂಡತಿ, ಹೆಮ್ಮೆಯಿಂದಲೇ. "ಇವರಿಗೆ ಒಂದು ಕಡ್ಡಿ ಎತ್ತೋಕೂ ಬಿಟ್ಟಿಲ್ಲ."

"ಹಾಗಾದರೆ ಮೊದಲ ಔಷಧಿ ನಿಮಗೆ" ಅಂದರು ಡಾಕ್ಟರಮ್ಮ, ಮೆತ್ತಗೆ. "ನೀವು ಕೈ ಕಟ್ಟಿ ಕೂರಬೇಕು."

ಅಷ್ಟು ಕಹಿ ಔಷಧಿಯನ್ನು ಅವಳು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ತನ್ನ ಪ್ರೀತಿಯೇ ಆ ಕೈಗೆ ಜೋಗುಳ ಹಾಡಿ ಮಲಗಿಸಿತ್ತೇ?

ಅಂದಿನಿಂದ ಬೆಳಿಗ್ಗೆ ಅವನು ಗುಂಡಿಯ ಜೊತೆ ಕುಸ್ತಿಗೆ ಇಳಿದರೆ ಅವಳು ಕಿಟಕಿ ಸರಳು ಹಿಡಿದು ಬೀದಿ ನೋಡುತ್ತಿದ್ದಳು. ಗುಂಡಿ ಜಾರಿದಾಗೆಲ್ಲ ಅವಳ ಬೆರಳೇ ತುಡಿಯುತ್ತಿತ್ತು. "ಏನೇ, ಬೀದೀಲಿ ಮೆರವಣಿಗೆ ಹೋಗ್ತಿದೆಯಾ?" ಎಂದು ಅವನು ರೇಗಿಸುತ್ತಿದ್ದ. ವಿಭಾಗಕ್ಕೆ ಹೋಗಿ ಬರುವುದೂ ತಪ್ಪಲಿಲ್ಲ. ಅಲ್ಲಿ ಅವನು ಬಟಾಣಿ ಆರಿಸಿದ, ಬಟ್ಟೆ ಹಿಂಡಿದ, ಡಾಕ್ಟರಮ್ಮನಿಗೆ ಕಾಜ ಹೊಲಿಯುವ ಬಗ್ಗೆ ಪಾಠ ಹೇಳಿದ.

ಚಳಿ ಮತ್ತೆ ಕಾಲಿಡುವ ಹೊತ್ತಿಗೆ, ಅಂಗಡಿ ತೆಗೆಯೋಣ ಅಂದ.

ಪಕ್ಕದ ಬೀಗದಂಗಡಿಯವನು ಅಂಗಿ ನೋಡಿದ್ದೇ ಬಾಯಿಬಿಟ್ಟ. "ಏನಣ್ಣ, ಟೈಲರಾಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ದೀಯ! ಅತ್ತಿಗೆ, ನೀವಾದರೂ ನೋಡಬಾರದಾ?"

"ಹೊಸ ಫ್ಯಾಷನ್ನು. ಬೀಗ ರಿಪೇರಿ ಮಾಡೋನಿಗೆ ಏನು ಗೊತ್ತಾಗುತ್ತೆ, ಹೋಗಪ್ಪ" ಅಂದಳು. ಗುಂಡಿ ಮಾತ್ರ ಸರಿಮಾಡಲಿಲ್ಲ.

ಧೂಳು ಕೊಡವಿ ಕೋಟನ್ನು ತೊಟ್ಟು ನಿಂತಳು. ಎಡಗೈಯಲ್ಲಿ ತೋಳನ್ನು ಅವಳ ಹೆಗಲಿಗೆ ಹಿಡಿದು, ಬಲಗೈಯಲ್ಲಿ ಅವನು ಡಬ್ಬಿಯೊಳಗೆ ತಡಕಾಡಿದ. ಪಿನ್ನು ಬಿತ್ತು. ಇನ್ನೊಂದು ತೆಗೆದ, ಅದೂ ಬಿತ್ತು. ಅವಳ ಕೈ ತಾನಾಗಿ ಡಬ್ಬಿಯತ್ತ ಹೋಯಿತು.

"ಅಲುಗಾಡಬೇಡ ಕಣೇ. ಅಳತೆ ತಪ್ಪುತ್ತೆ."

ಊರ ಗಿರಾಕಿಗಳಿಗೆಲ್ಲ ಅವನು ಗದರಿಸುತ್ತಿದ್ದ ಅದೇ ಮಾತು, ಅದೇ ದನಿ. ಅವಳು ಕೈ ಇಳಿಬಿಟ್ಟು ಕಂಬದ ಹಾಗೆ ನಿಂತಳು. ಕಣ್ಣೊರೆಸಿಕೊಳ್ಳಲಿಕ್ಕೂ ಅಲುಗಾಡಲಿಲ್ಲ. ಹೆಗಲ ಮೇಲೆ ಅವನ ಬೆರಳು ನಡುಗಿ, ಹುಡುಕಿ, ಒತ್ತಿತು. ಪಿನ್ನು ವಾರೆಯಾಗಿ ಬಟ್ಟೆಯೊಳಗೆ ಇಳಿಯಿತು.

"ಚುಚ್ಚಿತಾ?"

"ಇಲ್ಲಪ್ಪ" ಅಂದಳು.

ಸ್ವಲ್ಪ ಚುಚ್ಚಿತ್ತು.