ಚಂಪವ್ವ ಮಲಗಿದ ಮೇಜು

ನಾನು ಸಾಗುವಾನಿಯ ಮೇಜು. ಮಂಚವೆಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಮನೆಯ ಕೆಲಸವೆಲ್ಲ ಮುಗಿಸಿದ ಮೇಲೆ ಹೆಂಗಸರು ಮಲಗುವುದು ಮಂಚದ ಮೇಲೆ. ನನ್ನ ಮೇಲೆ ಮಲಗುವವರು ಕೆಲಸ ಬಿಟ್ಟು ಬಂದವರು.

ಹುಬ್ಬಳ್ಳಿಯ ಬಡಿಗ ಮೌನೇಶಪ್ಪ ನನ್ನನ್ನು ಮಾಡಿದ. ಒಂದು ತುದಿಯಲ್ಲಿ ಮುಖದಷ್ಟು ಅಗಲದ ತೂತು ಕೊರೆಯುತ್ತ, ಮಾಡಿಸಿದಾಕೆಯನ್ನು ಕೇಳಿದ: "ಬಾಯಾರ, ಇದರಾಗ ಕೊಡಾ ಇಡತೀರೇನ್ರಿ?"

"ಮುಖಾ ಇಡಾಕ. ಬೋರಲ ಮಲಗಿದವರು ಉಸಿರಾಡಬೇಕಲ್ಲ," ಎಂದರು ಪದ್ಮಜಾ.

ಪದ್ಮಜಾ ಆಸ್ಟಿಯೋಪಥಿ ಕಲಿತು ಬಂದವರು. ಅವರ ಕೋಣೆಯಲ್ಲಿ ಮಾತ್ರೆ, ಸೂಜಿ ಇರಲಿಲ್ಲ; ಎರಡು ಕೈಗಳಿದ್ದವು. ಎಲುಬು, ಸ್ನಾಯು, ಉಸಿರು, ರಕ್ತದ ಓಟ ಎಲ್ಲ ಒಂದೇ ಮನೆಯವು, ಒಂದು ಬಿಗಿದರೆ ಇನ್ನೊಂದು ಅದರ ಭಾರ ಹೊರುತ್ತದೆ, ಬಿಗಿ ಬಿಡಿಸಿದರೆ ಮೈ ತಾನೇ ಸುಧಾರಿಸಿಕೊಳ್ಳಲು ನೋಡುತ್ತದೆ ಎಂದು ಅವರು ನಂಬಿದ್ದರು. ಎಲುಬು ಮುರಿದವರನ್ನು, ಜ್ವರ ಬಂದವರನ್ನು ನೇರ ಆಸ್ಪತ್ರೆಗೆ ಕಳಿಸುತ್ತಿದ್ದರು.

ಒಂದು ದಿನ ಚಂಪವ್ವ ಬಂದಳು. ಜೋಳದ ರೊಟ್ಟಿ ಬಡಿದು ಬದುಕುವಾಕೆ. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲವಾದ್ದರಿಂದ, ನೋವೇ ಇಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಫೋಟೋದಾಗ ಏನೂ ಇಲ್ಲರಿ, ಸೋಗು ಇದು," ಎಂದಳು ಬಾಗಿಲಲ್ಲಿ ಕುಳಿತ ಅತ್ತೆ ದ್ಯಾಮವ್ವ. "ಹಗಲ ಹೊತ್ತು ಬಿದ್ಕೊಂಡ್ರ ಮನೀಗೆ ದರಿದ್ರ."

ಚಂಪವ್ವ ನನ್ನ ಅಂಚಿನಲ್ಲೇ ಮಲಗಿದಳು, ಕರೆದರೆ ಎದ್ದು ಓಡುವವಳಂತೆ. ಪದ್ಮಜಾ ಮೊದಲು ಭುಜ ಮುಟ್ಟಲಿಲ್ಲ. ಪಾದ, ಸೊಂಟ, ಬೆನ್ನು ನೋಡುತ್ತ ಬಂದು ಹೊಟ್ಟೆಯ ಬಳಿ ಕೈ ನಿಲ್ಲಿಸಿದರು. ಲಂಗದ ಲಾಡಿ ಚರ್ಮದಲ್ಲಿ ಕಪ್ಪು ಗೆರೆ ಕೊರೆದಿತ್ತು.

"ಇಷ್ಟು ಬಿಗಿ ಯಾಕ ಕಟ್ಟೀರಿ?"

"ಅತ್ತಿ ಕಲಿಸ್ಯಾರ್ರಿ. ಲಾಡಿ ಸಡ್ಲ ಬಿಟ್ಟಾಕಿ ಮನೆತನ ಕಾಯೂದಿಲ್ಲಂತ."

ಉಸಿರು ಹೊಟ್ಟೆಗಿಳಿಯಲಾರದೆ ಎದೆಯಲ್ಲೇ ನಿಂತಿತ್ತು. ಉಸಿರೆಳೆಯುವ ಕೆಲಸವೂ ರೊಟ್ಟಿ ಬಡಿಯುವ ಕೆಲಸವೂ ಆ ಭುಜದ ಮೇಲೇ ಬಿದ್ದಿತ್ತು. ಪದ್ಮಜಾ ಲಾಡಿ ಸಡಿಲಿಸಿದರು. ಪಕ್ಕೆಲುಬುಗಳ ಕೆಳಗೆ ಅಂಗೈಯಿಟ್ಟು, ಮೆಲ್ಲಗೆ ಒತ್ತಿ, ಕಾದರು. ಬಹಳ ಹೊತ್ತಾದ ಮೇಲೆ ಚಂಪವ್ವ ಒಂದು ದೊಡ್ಡ ಉಸಿರು ಬಿಟ್ಟಳು. ಹಿಂದೆಯೇ ಅಳು ಬಂತು. ಅವಳ ಪೂರ್ತಿ ಭಾರ ನನಗೆ ಸಿಕ್ಕಿದ್ದು ಆಗಲೇ.

"ಅತ್ತದ್ದು ಸಾಕು, ಏಳು. ಇನ್ನ ಇಲ್ಲಿಗೆ ಬರೂದು ಬ್ಯಾಡ," ಎಂದಳು ದ್ಯಾಮವ್ವ.

ಚಂಪವ್ವ ಏಳಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.

"ಹಿಟ್ಟು ಜರಡಿ ಹಿಡದಿಟ್ಟೀನಿ, ಅತ್ತಿ. ಇವತ್ತ ನೀವು ಹೋಗಿ ಬಡೀರಿ. ನಾ ಮುಗಿಸ್ಕೊಂಡ ಬರ್ತೀನಿ."

ದ್ಯಾಮವ್ವ ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು ಕೇಳಿತು. ಚಂಪವ್ವ ನನ್ನ ಅಂಚಿನಿಂದ ನಡುವಿಗೆ ಸರಿದಳು.

ಆಮೇಲೂ ಬಂದಳು, ಬೈಸಿಕೊಂಡೇ ಬಂದಳು. ಲಾಡಿಯ ಜಾಗಕ್ಕೆ ಅಗಲದ ಪಟ್ಟಿ ಹೊಲಿದುಕೊಂಡಳು. ಕೈ ಮೊದಲು ಕಿವಿಯವರೆಗೆ ಎದ್ದಿತು, ಆಮೇಲೆ ತಲೆಯ ಮೇಲೆ ತೂಗುವ ನೆಲುವಿನ ಗಡಿಗೆಯವರೆಗೆ. ನೋವು ಪೂರ್ತಿ ಹೋಯಿತೆಂದು ನಾನು ಸುಳ್ಳು ಹೇಳಲಾರೆ. ಊರಲ್ಲಿ ಮದುವೆಗಳಾಗಿ ರೊಟ್ಟಿ ಹೆಚ್ಚು ಬಡಿಯಬೇಕಾದ ದಿನಗಳಲ್ಲಿ ಮರಳುತ್ತಿತ್ತು. ಆದರೆ ಅದನ್ನು ಸೋಗು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಪದ್ಮಜಾ ವಯಸ್ಸಾಗಿ ಕೋಣೆ ಮುಚ್ಚಿದಾಗ ನನ್ನನ್ನು ಚಂಪವ್ವನಿಗೆ ಕೊಟ್ಟರು. ಈಗ ನಾನು ಅವಳ ರೊಟ್ಟಿ ಕೇಂದ್ರದ ಹಿಂಬದಿಯಲ್ಲಿದ್ದೇನೆ. ಹಾಸು ಹರಿದಿದೆ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾರೆ. ಚಂಪವ್ವನಿಗೆ ಪದ್ಮಜಾರ ವಿದ್ಯೆ ಬರುವುದಿಲ್ಲ. ಬೆನ್ನು ಹಿಡಿದುಕೊಂಡ ಹೆಂಗಸನ್ನು ಮಲಗಿಸಿ, "ಹೊಟ್ಟಿತನಕ ಉಸರ ತಗೋ" ಎನ್ನುತ್ತಾಳೆ, ಅಷ್ಟೇ. ಅಗತ್ಯವಿದ್ದವರನ್ನು ವೈದ್ಯರಲ್ಲಿಗೆ ತಾನೇ ಕರೆದೊಯ್ಯುತ್ತಾಳೆ. ನಾನು ಹಳೆಯ ಮರ. ಆದರೂ ಹೊರಬೇಕಾದ ಭಾರವನ್ನು ಇಂದಿಗೂ ಹೊರುತ್ತೇನೆ. ಮೂಲೆಯ ಸಾಮಾನಾಗಲು ಒಪ್ಪಿಲ್ಲ.

ಮೊನ್ನೆ ರೊಟ್ಟಿ ಒಯ್ಯಲು ಬಂದ ಖಾನಾವಳಿಯ ಸಾವಕಾರ ಇಣುಕಿ ನೋಡಿದ.

"ಚಂಪಕ್ಕ, ಇದರ ಮ್ಯಾಲೆ ರೊಟ್ಟಿ ಹರವಿದ್ರ ಎಷ್ಟ ಜಾಗಾ ಉಳೀತದ."

"ರೊಟ್ಟಿಗೆ ಬ್ಯಾನಿ ಇಲ್ಲರಿ," ಎಂದಳು ಚಂಪವ್ವ. "ಹೊರಗ ನಿಲ್ರಿ, ಸಾವಕಾರ್ರ. ಒಬ್ಬಾಕಿ ಮಲಗ್ಯಾಳ."